ಸರ್ಕಾರಿ ಶಾಲೆಗಳ ಈ ಸ್ಥಿತಿಗೆ ಯಾರು ಕಾರಣ? ನಿವೃತ್ತ ಮುಖ್ಯ ಶಿಕ್ಷಕನೊಬ್ಬನ ಉತ್ತರ

ಸರ್ಕಾರಿ ಶಾಲೆಗಳು ಸೊರಗಲು ರಾಜಕಾರಣಿಗಳು ಕಾರಣರೇ ಅಥವಾ ಶಿಕ್ಷಕರು ಕಾರಣರೇ, ಮುಂದಿನ ಜೂನ್‌ನಲ್ಲಿ ಮಗಳನ್ನು ನಿಮ್ಮೂರಿನ ಸರ್ಕಾರಿ ಶಾಲೆಗೆ ಸೇರಿಸಬಹುದೇ ಎಂದು ಕೇಳಿದ್ದೀರಿ. ನಾನು ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ, 2024ರ ಮೇ ತಿಂಗಳಲ್ಲಿ ನಿವೃತ್ತನಾದವನು. ರಾಜಕೀಯವೇ ಕಾರಣ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ, ಆದರೆ ಅದು ಟಿವಿ ಚರ್ಚೆಗಳಲ್ಲಿ ಕಾಣುವ ರಾಜಕೀಯವಲ್ಲ.

ಪಠ್ಯಪುಸ್ತಕದ ಜಗಳವನ್ನೇ ನೋಡಿ. 2017ರಲ್ಲಿ ಬರಗೂರು ರಾಮಚಂದ್ರಪ್ಪ ಸಮಿತಿಯ ಪರಿಷ್ಕರಣೆ, 2022ರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ, 2023ರಲ್ಲಿ ಸರ್ಕಾರ ಬದಲಾದೊಡನೆ ಮತ್ತೆ ತಿದ್ದುಪಡಿ. ರಾಜ್ಯವೆಲ್ಲ ಎರಡು ಪಾಳಯವಾಗಿ ಕಾದಾಡಿತು. ಅದು ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಯಾವ ಪಾಠ ಇರಬೇಕು, ಯಾವುದು ಇರಬಾರದು ಎಂದು ವಾದಿಸಿದವರಲ್ಲಿ ಒಬ್ಬರಾದರೂ, ನಾಲ್ಕನೇ ತರಗತಿಗೆ ಬಂದರೂ ಒತ್ತಕ್ಷರ ಓದಲು ತಡವರಿಸುವ ಮಗು ಆ ಪಾಠವನ್ನು ಹೇಗೆ ಓದೀತು ಎಂದು ಕೇಳಿದ್ದನ್ನು ನಾನು ಕಾಣಲಿಲ್ಲ.

ಆ ಮಗು ಏಕೆ ತಡವರಿಸುತ್ತದೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಒಂದು ಕೋಷ್ಟಕದಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ, ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿದ್ದರೆ ಸಾಕು. 61ರಿಂದ 90ಕ್ಕೆ ಮೂವರು. ಲೆಕ್ಕ ಹಾಕುವುದು ತಲೆಗಳನ್ನೇ ಹೊರತು ತರಗತಿಗಳನ್ನಲ್ಲ. ನನ್ನ ಕೊನೆಯ ಶಾಲೆಯಲ್ಲಿ 43 ಮಕ್ಕಳಿದ್ದರು, ತರಗತಿಗಳು ಐದು, ಶಿಕ್ಷಕರು ಇಬ್ಬರು. ಕಾನೂನಿನ ಕಣ್ಣಿನಲ್ಲಿ ನಮಗೆ ಯಾವ ಕೊರತೆಯೂ ಇರಲಿಲ್ಲ. ಮಕ್ಕಳು ಕಡಿಮೆಯಾದಷ್ಟೂ ಶಿಕ್ಷಕರು 'ಹೆಚ್ಚುವರಿ' ಆಗುತ್ತಾರೆ, ಹೆಚ್ಚುವರಿಯಾದವರು ಬೇರೆಡೆಗೆ ಹೋಗುತ್ತಾರೆ, ಶಿಕ್ಷಕರಿಲ್ಲವೆಂದು ಪೋಷಕರು ಇನ್ನಷ್ಟು ಮಕ್ಕಳನ್ನು ಬಿಡಿಸುತ್ತಾರೆ. ಈ ಗಾಣಕ್ಕೆ ಯಾವ ಪಕ್ಷದ ಸರ್ಕಾರವೂ ಕೈಹಾಕಲಿಲ್ಲ, ಏಕೆಂದರೆ ತರಗತಿಗೊಬ್ಬ ಶಿಕ್ಷಕ ಎಂದು ಒಪ್ಪಿದ ಕ್ಷಣವೇ ಸಂಬಳದ ಬಾಬ್ತು ಎಷ್ಟು ಏರುತ್ತದೆಂಬುದು ಎಲ್ಲರಿಗೂ ಗೊತ್ತು.

ಒಂದು ಬೆಳಗಿನ ಚಿತ್ರ ಕೊಡುತ್ತೇನೆ. ಸಹಶಿಕ್ಷಕಿಯವರು ಬಿ.ಎಲ್.ಒ. (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿದ್ದರಿಂದ ಮತದಾರರ ಪಟ್ಟಿಯ ಸಭೆಗೆ ಹೋಗಿದ್ದರು. (ಪಟ್ಟಿ ಪರಿಷ್ಕರಣೆಗೆ ಶಿಕ್ಷಕರನ್ನು ರಜಾ ದಿನಗಳಲ್ಲಿ, ಪಾಠವಿಲ್ಲದ ದಿನಗಳಲ್ಲಿ ಮಾತ್ರ ಬಳಸಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲಿಯೇ ಹೇಳಿದೆ, ಆ ದಿನ ಶಾಲೆಯಿದ್ದ ಬುಧವಾರ.) ಒಂದರಿಂದ ಮೂರನೇ ತರಗತಿಯವರು ನಲಿ-ಕಲಿ ಕೊಠಡಿಯಲ್ಲಿ ಐದು 'ತಟ್ಟೆ'ಗಳಾಗಿ, ಅಂದರೆ ಐದು ಗುಂಪುಗಳಾಗಿ, ಕುಳಿತಿದ್ದರು. ಶಿಕ್ಷಕರ ಪೂರ್ಣ ಸಹಾಯ ಬೇಕಾದವರಿಂದ ಹಿಡಿದು ತಾವೇ ಕಲಿಯಬಲ್ಲವರವರೆಗೆ ಮಕ್ಕಳನ್ನು ಹೀಗೆ ಕೂರಿಸುವುದು ಆ ಪದ್ಧತಿಯ ಕ್ರಮ. ಪಕ್ಕದ ಕೊಠಡಿಯಲ್ಲಿ ನಾಲ್ಕು ಮತ್ತು ಐದನೇ ತರಗತಿಯನ್ನು ಐದನೆಯ ತರಗತಿಯ ಹುಡುಗಿಯೊಬ್ಬಳು ಕೋಲು ಹಿಡಿದು ಮಗ್ಗಿ ಹೇಳಿಸುತ್ತ ಕಾಯುತ್ತಿದ್ದಳು. ನನ್ನ ತಟ್ಟೆಯ ಹುಡುಗ 'ಅಪ್ಪ' ಎಂದು ಬರೆಯುವಾಗ ಪಕಾರದ ಒತ್ತನ್ನು ಕೆಳಗೆ ಬರೆಯದೆ ಪಕ್ಕದಲ್ಲಿ ಬರೆದು, ಸರಿಯೇ ಎಂದು ನನ್ನ ಮುಖ ನೋಡುತ್ತಿದ್ದ. ನಾನು ಮೊಬೈಲಿನಲ್ಲಿ ಅಂದು ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಬೇಕೆಂದವರೆಷ್ಟು, ಚಿಕ್ಕಿ ಎಷ್ಟು ಎಂದು ತುಂಬುತ್ತಿದ್ದೆ. ಅಷ್ಟರಲ್ಲಿ ಕಚೇರಿಯ ಗುಂಪಿನಲ್ಲಿ, ಮಕ್ಕಳ ಆಧಾರ್ ವಿವರವನ್ನು ಹನ್ನೆರಡು ಗಂಟೆಯೊಳಗೆ 'ತುರ್ತಾಗಿ' ಕಳಿಸುವಂತೆ ಸೂಚನೆ ಬಂತು. ವಿವರ ಕಳಿಸಿ ಬರುವಷ್ಟರಲ್ಲಿ ಆ ಹುಡುಗ ಪುಟದ ಉದ್ದಕ್ಕೂ ಹಾಗೆಯೇ ಬರೆದುಕೊಂಡು ಹೋಗಿದ್ದ.

ನಲಿ-ಕಲಿಯನ್ನು ನಾನು ದೂರುತ್ತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ಆ ಪದ್ಧತಿ, ಬೇರೆ ಬೇರೆ ಮಟ್ಟದ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಕಲಿಸುವುದಕ್ಕೆ ನಾನು ಕಂಡ ಅತ್ಯುತ್ತಮ ಉಪಾಯ. ಆದರೆ ಶಿಕ್ಷಕ ಕೊಠಡಿಯಲ್ಲಿ ಇರುತ್ತಾನೆಂಬುದು ಅದರ ಅಡಿಪಾಯ.

ಶಿಕ್ಷಕರನ್ನು ಬೋಧನೇತರ ಕೆಲಸಕ್ಕೆ ಹಚ್ಚುವುದಕ್ಕೆ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ತಡೆ ಒಡ್ಡಿದೆ, ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯನ್ನು ಮಾತ್ರ ಹೊರತುಪಡಿಸಿದೆ. ಹಾಗಿದ್ದೂ 2015ರ ಬೇಸಿಗೆಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ನಾನು ಮನೆಮನೆ ಅಲೆದೆ; 2025ರಲ್ಲಿ ಮತ್ತೆ ಅಂಥದೇ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ರಜೆ ವಿಸ್ತರಣೆಯಾದದ್ದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಖಾಸಗಿ ಶಾಲೆಯ ಗಂಟೆ ಎಂದಿನಂತೆ ಹೊಡೆಯಿತು. ಸಮೀಕ್ಷೆ ಬೇಡವೆಂದು ನಾನು ಹೇಳಲಾರೆ. ಅದರ ಬೆಲೆಯನ್ನು ಯಾರ ಮಕ್ಕಳು ತೆತ್ತರು ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ರಾಜಕೀಯದಿಂದ ಒಳ್ಳೆಯದೂ ಆಗಿದೆ, ಅದನ್ನು ಮರೆಮಾಚಬಾರದು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ವರ್ಗಾವಣೆ ಎಂದರೆ ಶಿಫಾರಸು ಪತ್ರ. ಶಾಲೆಯ ಕೊಠಡಿಯನ್ನು ಪಕ್ಷದ ಸಭೆಗೆ ಬಿಟ್ಟುಕೊಡಲಿಲ್ಲವೆಂದು ಸ್ಥಳೀಯ ಮುಖಂಡರೊಬ್ಬರು ನನ್ನನ್ನು ಪರೀಕ್ಷೆಗೆ ತಿಂಗಳಿರುವಾಗ ತಾಲ್ಲೂಕಿನ ಇನ್ನೊಂದು ಅಂಚಿಗೆ ಎತ್ತಿಹಾಕಿಸಿದ್ದರು. 2007ರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂದು, ಕೌನ್ಸೆಲಿಂಗ್‌ನಲ್ಲಿ ಪರದೆಯ ಮೇಲಿನ ಖಾಲಿ ಹುದ್ದೆಗಳ ಪಟ್ಟಿಯಿಂದ ನಾನೇ ಸ್ಥಳ ಆರಿಸಿಕೊಂಡ ದಿನ, ಯಾರ ಮನೆ ಬಾಗಿಲನ್ನೂ ಕಾಯದೆ ಊರಿಗೆ ಮರಳಿದೆ. ಬಿಸಿಯೂಟ, 2013ರ ಕ್ಷೀರಭಾಗ್ಯ, ಬಳಿಕ ಬಂದ ಮೊಟ್ಟೆ, ಇವೂ ರಾಜಕೀಯ ನಿರ್ಧಾರಗಳೇ. ಮೊಟ್ಟೆಯ ಬಗ್ಗೆ ಮಠಾಧೀಶರೂ ಚಿಂತಕರೂ ಏನೇ ಹೇಳಲಿ, ನನ್ನ ಶಾಲೆಯಲ್ಲಿ ಮೊಟ್ಟೆಯ ದಿನ ಹಾಜರಾತಿ ಪುಸ್ತಕದಲ್ಲಿ ಗೈರಿನ ಗುರುತು ಅಪರೂಪವಾಗಿತ್ತು.

ಪರೀಕ್ಷೆಯ ವಿಷಯದಲ್ಲಿ ಮಾತ್ರ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. 2024ರ ಮಾರ್ಚ್‌ನಲ್ಲಿ ಐದನೇ ತರಗತಿಯ ಮೌಲ್ಯಾಂಕನವನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿ ಪರೀಕ್ಷೆಯನ್ನು ಎತ್ತಿಹಿಡಿಯಿತು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಹತ್ತು ವರ್ಷದ ಮಕ್ಕಳು ಅರ್ಧಕ್ಕೆ ನಿಂತ ಪರೀಕ್ಷೆಯನ್ನು ಮತ್ತೆ ಕುಳಿತು ಬರೆದರು, ಫಲಿತಾಂಶ ಏನಾಯಿತೆಂದು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನು ಮಕ್ಕಳು ಖಾಸಗಿ ಶಾಲೆಗೆ ಹೋದದ್ದೇಕೆ? 2012ರಿಂದ ಖಾಸಗಿ ಶಾಲೆಗಳ ಶೇ 25 ಸೀಟುಗಳಿಗೆ ಸರ್ಕಾರವೇ ಶುಲ್ಕ ಭರಿಸಿ ಮಕ್ಕಳನ್ನು ಕಳಿಸತೊಡಗಿದಾಗ, ಒಂದನೇ ತರಗತಿಯ ದಾಖಲಾತಿ ಕುಸಿಯುವುದನ್ನು ನಾನು ಕಣ್ಣಾರೆ ಕಂಡೆ. 2019ರಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಇಲ್ಲವೆಂದಾಯಿತು. ಹೋದವರು ಮರಳಿ ಬಂದರೇ? ಬರಲಿಲ್ಲ, ಸಾಲ ಮಾಡಿ ಅಲ್ಲಿಯೇ ಶುಲ್ಕ ಕಟ್ಟಿದರು. ಇಂಗ್ಲಿಷಿನ ಆಸೆಯೇ ದೊಡ್ಡದು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತ ಮೇಲೆ, ಕನ್ನಡ ಮಾಧ್ಯಮ ಉಳಿಯುವುದಿದ್ದರೆ ಗುಣಮಟ್ಟದಿಂದ ಮಾತ್ರ ಎಂದಾಗಿತ್ತು. ನಾವು ಅದರ ಬದಲು 2019ರಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲು ಹೊರಟೆವು, ಅವೇ ಕೊಠಡಿ, ಅವರೇ ಶಿಕ್ಷಕರು. ಕನ್ನಡದಲ್ಲಿಯೇ ಶಿಕ್ಷಕ ತರಬೇತಿ ಪಡೆದ ನಮಗೆ ಕೆಲವು ದಿನಗಳ ತರಬೇತಿ ಕೊಟ್ಟು, ಇಂಗ್ಲಿಷಿನಲ್ಲಿ ಗಣಿತ ಕಲಿಸಿ ಎಂದರು.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆಯಿದೆ. ನನ್ನ ಮಗನನ್ನು ನಾನು ಖಾಸಗಿ ಶಾಲೆಗೇ ಸೇರಿಸಿದೆ. ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಪಾಠ ಎಷ್ಟು ನಡೆಯುತ್ತದೆಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಶಿಕ್ಷಕರು ಕಾರಣರೇ ಎಂಬ ನಿಮ್ಮ ಪ್ರಶ್ನೆಗೆ ಪೂರ್ತಿಯಾಗಿ 'ಇಲ್ಲ' ಎನ್ನುವ ಅಧಿಕಾರ ನನಗಿಲ್ಲ.

ನಿಮ್ಮ ಮಗಳ ವಿಷಯಕ್ಕೆ ಬರೋಣ. ಕಟ್ಟಡದ ಬಣ್ಣ, ಸ್ಮಾರ್ಟ್ ಬೋರ್ಡ್ ನೋಡಬೇಡಿ. ಹಬ್ಬ, ಚುನಾವಣೆ ಯಾವುದೂ ಇಲ್ಲದ ಸಾಧಾರಣ ತಿಂಗಳಿನಲ್ಲಿ, ಹೇಳದೆ ಕೇಳದೆ, ಬೆಳಗ್ಗೆ ಹನ್ನೊಂದಕ್ಕೆ ಶಾಲೆಗೆ ಹೋಗಿ, ಎಷ್ಟು ತರಗತಿಗಳಿವೆ, ಆ ಹೊತ್ತಿನಲ್ಲಿ ಎಷ್ಟು ಶಿಕ್ಷಕರು ಒಳಗಿದ್ದಾರೆ ಎಂದು ಎಣಿಸಿ. ಎರಡನೇ ತರಗತಿಯ ಯಾವುದಾದರೂ ಮಗುವಿನ ನೋಟ್‌ಪುಸ್ತಕ ತೆರೆದು, ತಪ್ಪಿನ ಪಕ್ಕದಲ್ಲಿ ತಿದ್ದಿದ ಕೈಬರಹವಿದೆಯೇ ಎಂದು ನೋಡಿ. ಎಸ್.ಡಿ.ಎಂ.ಸಿ.ಯ (ಶಾಲಾಭಿವೃದ್ಧಿ ಮತ್ತು ಮೇಲ್ವಿಚಾರಣಾ ಸಮಿತಿಯ) ಸಭೆಯ ನಡಾವಳಿ ಪುಸ್ತಕ ಕೇಳಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂಬುದು ಕಾಯ್ದೆ. ಸಹಿಗಳೆಲ್ಲ ಒಂದೇ ಪೆನ್ನಿನಿಂದ ಒಂದೇ ದಿನ ಬಿದ್ದಂತೆ ಕಂಡರೆ, ಮಗಳನ್ನು ಸೇರಿಸಿದ ಮೇಲೆ ಆ ಸಮಿತಿಗೆ ನೀವೇ ನಿಲ್ಲಬೇಕಾಗಬಹುದು.