ಓದುಗರ ಪ್ರಶ್ನೆ: ಇಲಿಯ ಮೆದುಳು ಯಾಕೆ ಸ್ಪಂದಿಸುತ್ತಿಲ್ಲ?

ಪ್ರಶ್ನೆ: ಇಲಿಯ ಮುಂಗಾಲಿಗೆ ಸಣ್ಣಗೆ ಕರೆಂಟ್ ಕೊಟ್ಟು 9.4 ಟೆಸ್ಲಾ ಕಾಂತಬಲದ ಯಂತ್ರದಲ್ಲಿ ತೆಗೆದ ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಚಿತ್ರಗಳನ್ನು ನೋಡುತ್ತಿದ್ದೇನೆ. ಪ್ರತಿಕ್ರಿಯೆ ಕಾಣುತ್ತಲೇ ಇಲ್ಲ. ಅರಿವಳಿಕೆಗೆ 2% ಐಸೋಫ್ಲೂರೇನ್ ಬಳಸಿದ್ದಾರೆ. ಕಿವಿಯ ಹತ್ತಿರ ಮೆದುಳು ಕರಗಿಹೋದಂತೆ ಕಪ್ಪು. ಇನ್ನಷ್ಟು ಸಲ ಸ್ಕ್ಯಾನ್ ಮಾಡಿಸಿ ಸರಾಸರಿ ತೆಗೆದರೆ ಸಾಕೇ?
– ಪಶುವೈದ್ಯಕೀಯ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸಾಲದು. ನಾಲ್ಕು ಪಟ್ಟು ಸ್ಕ್ಯಾನ್ ಮಾಡಿದರೂ ಚಿತ್ರದ ಗದ್ದಲ (ಬೇಡದ ಏರುಪೇರು) ಅರ್ಧಕ್ಕಿಳಿಯುತ್ತದೆ, ಅಷ್ಟೆ. ನೀವು ಹುಡುಕುತ್ತಿರುವುದು ಶೇಕಡಾ ಒಂದೆರಡರ ಏರಿಳಿತ; ಪುನರ್ವಸು ಮಳೆ ಹಂಚಿಗೆ ಬಡಿಯುವಾಗ ಒಳಮನೆಯ ಪಿಸುಮಾತು ಹಿಡಿದಂತೆ. ನಿಮ್ಮ ಇಲಿಯಲ್ಲಿ ಆ ಪಿಸುಮಾತೇ ನಿಂತಿದೆ.

ಎಫ್‌ಎಂಆರ್‌ಐ ನೋಡುವುದು ನರಕೋಶವನ್ನಲ್ಲ, ಅದರ ಕರೆಗೆ ಹರಿದುಬರುವ ರಕ್ತವನ್ನು. 2% ಐಸೋಫ್ಲೂರೇನ್ ನರಕೋಶವನ್ನೂ ಮಲಗಿಸುತ್ತದೆ, ರಕ್ತನಾಳವನ್ನೂ ಹಿಗ್ಗಿಸುತ್ತದೆ. ಆಗಲೇ ಹಿಗ್ಗಿದ ನಾಳ ಇನ್ನೆಷ್ಟು ಹಿಗ್ಗೀತು? ಮಂಪರು ಬರಿಸುವವರೆಗೆ ಮಾತ್ರ ಅದನ್ನು ಇಷ್ಟು ಪ್ರಮಾಣದಲ್ಲಿ ಬಳಸಿ, ಆಮೇಲೆ ಮೆಡೆಟೊಮಿಡಿನ್ ಎಂಬ ಮಂಪರಿನ ಔಷಧಕ್ಕೆ ದಾಟುವುದು ರೂಢಿ: ಚರ್ಮದಡಿ ಕಿಲೋಗೆ 0.05 ಮಿ.ಗ್ರಾಂ, ನಂತರ ಗಂಟೆಗೆ ಕಿಲೋಗೆ 0.1 ಮಿ.ಗ್ರಾಂ ಹನಿಯಾಗಿ, ಜೊತೆಗೆ ಐಸೋಫ್ಲೂರೇನ್ 0.5%. ಮೆಡೆಟೊಮಿಡಿನ್ ಹೃದಯಬಡಿತವನ್ನು ನಿಧಾನಿಸುತ್ತದೆ. ಕೊನೆಗೆ ಅದರ ಪರಿಣಾಮ ಇಳಿಸುವ ಅಟಿಪಮೆಜೋಲ್ ಕೊಟ್ಟು ಎಬ್ಬಿಸಬೇಕು. ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಔಷಧ ಬದಲಿಸಬೇಡಿ. ಮೈ ಬಿಸಿ 37 ಡಿಗ್ರಿಯಲ್ಲಿ ನಿಲ್ಲಲಿ. ಉಸಿರು ಕುಂದಿ ಇಂಗಾಲದ ಡೈಆಕ್ಸೈಡ್ ಏರಿದರೆ ನಾಳ ಮತ್ತೆ ಹಿಗ್ಗುತ್ತದೆ, ಮಾಡಿದ್ದೆಲ್ಲ ವ್ಯರ್ಥ.

ಕಿವಿಯ ಕಪ್ಪು ಬೇರೆ ಕಾಯಿಲೆ. ಮುಂಗಾಲಿನ ಜಾಗ ಮೆದುಳಿನ ಮೇಲ್ಪದರದಲ್ಲಿರುವುದರಿಂದ ಅಲ್ಲಿಗೆ ಅದು ತಟ್ಟಿರಲಾರದು. ಗಾಳಿ ಮತ್ತು ಅಂಗಾಂಶ ಕೂಡುವಲ್ಲಿ ಕಾಂತಕ್ಷೇತ್ರ ಸೊಟ್ಟಗಾಗುತ್ತದೆ. ಕಿವಿಯ ಕಾಲುವೆಗೆ ಅಲ್ಟ್ರಾಸೌಂಡ್ ಜೆಲ್ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ. ಗುಳ್ಳೆ ಉಳಿದರೆ ತುಂಬಿದ್ದೇ ದಂಡ. ಶಿಮ್ಮಿಂಗ್, ಅಂದರೆ ಕಾಂತಕ್ಷೇತ್ರವನ್ನು ಸಮಗೊಳಿಸುವ ಕೆಲಸ, ಮೆದುಳಿಗಷ್ಟೇ ಸೀಮಿತವಾಗಿರಲಿ. ಒಳಗಿವಿಯ ಪಕ್ಕದ ಗಾಳಿಯ ಗೂಡು ಹಾಗೇ ಇರುವುದರಿಂದ ಕಪ್ಪು ಪೂರ್ತಿ ಹೋಗದು.

ಮುಂದಿನ ಸಲ ಇಲಿಗಿಂತ ಮೊದಲು ಅಗರ್ ಎಂಬ ಜೆಲ್ಲಿ ತುಂಬಿದ ಕೊಳವೆಯನ್ನು ಅದೇ ಕಾಯಿಲ್‌ನಡಿ (ಸಂಕೇತ ಹಿಡಿಯುವ ಸುರುಳಿ) ಇಟ್ಟು 200 ಚಿತ್ರ ತೆಗೆಸಿ. ಚಿತ್ರದ ಪ್ರತಿ ಬಿಂದುವಿನ ಸರಾಸರಿಯನ್ನು ಅದರ ಕಾಲಾನುಗತ ಏರುಪೇರಿನಿಂದ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ, ಭಾಗಿಸಿ. ಅಗರ್‌ನಲ್ಲಿ ಅಂಕಿ ಚೆನ್ನಾಗಿದ್ದು ಇಲಿಯಲ್ಲಿ ಕುಸಿದರೆ ತಪ್ಪು ಉಸಿರಾಟದ್ದೋ ಅಲುಗಾಟದ್ದೋ. ಅಗರ್‌ನಲ್ಲೇ ಕೆಟ್ಟಿದ್ದರೆ ಕಾಯಿಲ್, ವೈರು ನೋಡಿ. ಚಿತ್ರಕ್ಕೆ ಅಡ್ಡಲಾಗಿ ಚುಕ್ಕಿಚುಕ್ಕಿ ಗೆರೆ ಬಂದರೆ ಕಾಲಿಗೆ ಕರೆಂಟ್ ಒಯ್ಯುವ ವೈರೇ ಹೊರಗಿನ ರೇಡಿಯೋ ಅಲೆಯನ್ನು ಒಳಗೆ ತರುತ್ತಿರಬಹುದು. ಕೋಣೆಯ ಗೋಡೆಯಲ್ಲಿರುವ ಫಿಲ್ಟರ್ ಮೂಲಕವೇ ಆ ವೈರನ್ನು ಹಾಯಿಸಿ.

ಈಗಿರುವ ಚಿತ್ರಗಳಲ್ಲಿ ಇಲಿ ಅಲುಗಿದವನ್ನು ಕೈಬಿಟ್ಟು, ಬಿಂದುವಿನ ಅಗಲದ ಎರಡು ಪಟ್ಟು ಮಸುಕು ಮಾಡಿ ಒಮ್ಮೆ ನೋಡಿ. ಆಗಲೂ ಏನೂ ಸಿಗದಿದ್ದರೆ ಹೊಸದಾಗಿ ಸ್ಕ್ಯಾನ್ ಮಾಡಿಸಿ.