ಆರ್ಥಿಕ ನೀತಿಯ ಚರ್ಚೆಯಲ್ಲಿ ನಾಗರಿಕ ಸಂಘಟನೆಗಳಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ?

ಆಗುತ್ತದೆ, ಹೆಚ್ಚಾಗಿ ಚರ್ಚೆಯ ಪ್ರಶ್ನೆಯನ್ನೇ ಬದಲಿಸುವ ಮೂಲಕ. ನಾನಿರುವ ಗೋವಾದ ಗಣಿ ವಿಚಾರವನ್ನೇ ನೋಡಿ. ಮೊದಲು ಮಾತೆಲ್ಲ ಎಷ್ಟು ಕಬ್ಬಿಣದ ಅದಿರು ರಫ್ತಾಯಿತು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬುದರ ಸುತ್ತಲೇ ಇತ್ತು. ಗೋವಾ ಫೌಂಡೇಶನ್ ಎಂಬ ಪರಿಸರ ಸಂಘಟನೆ ಕೋರ್ಟಿಗೆ ಹೋದ ಮೇಲೆ ಇನ್ನೊಂದು ಪ್ರಶ್ನೆ ಬಂತು: ಅದಿರು ಎಲ್ಲರ ಆಸ್ತಿ ಅಲ್ವಾ, ಅದರ ದುಡ್ಡಿನಲ್ಲಿ ನಮ್ಮ ಮಕ್ಕಳಿಗೆ ಎಷ್ಟು ಉಳಿಯಿತು? 2014ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿತು. ಮಾರಾಟದ ಹಣದಲ್ಲಿ ಶೇ. 10ರಷ್ಟು ಮುಂದಿನ ಪೀಳಿಗೆಗಾಗಿ ಕೂಡಿಡುವ ಶಾಶ್ವತ ನಿಧಿಗೆ ಹೋಗಬೇಕು ಎಂದಿತು. 2018ರಲ್ಲಿ ಅದೇ ಕೋರ್ಟ್ 88 ಗಣಿ ಗುತ್ತಿಗೆಗಳ ನವೀಕರಣವನ್ನೇ ರದ್ದು ಮಾಡಿತು, ಗಣಿಗಾರಿಕೆ ನಿಂತಿತು.

ಇದರ ಪೆಟ್ಟೂ ಸಣ್ಣದಲ್ಲ. ಲಾರಿ, ಬಾರ್ಜ್, ಗ್ಯಾರೇಜ್ ನಂಬಿದವರ ಸಂಪಾದನೆ ನಿಂತಿತು. ಅವರೂ ಗುಂಪು ಕಟ್ಟಿ ಬೀದಿಗಿಳಿದರು. ಅದೂ ನಾಗರಿಕ ಸಮಾಜವೇ. ವಾಸ್ಕೋದಲ್ಲಿ ನಮ್ಮ ಕನ್ನಡದವರ ಹರಟೆಯಲ್ಲಿ ಹೀಗೆಂದರೆ ಕೆಲವರು ಜಗಳಕ್ಕೇ ಬರುತ್ತಾರೆ!

ಕೋರ್ಟಿಲ್ಲದೆಯೂ ಆಗುತ್ತದೆ. ಪುಣೆಯ ಪ್ರಯಾಸ್ ಸಂಸ್ಥೆ 1990ರ ದಶಕದಲ್ಲಿ ಅಮೆರಿಕದ ಎನ್ರಾನ್ ಕಂಪನಿಯ ದಾಭೋಳ ವಿದ್ಯುತ್ ಸ್ಥಾವರದ ಒಪ್ಪಂದದ ಲೆಕ್ಕ ಬಿಡಿಸಿ, ಆ ಕರೆಂಟು ಮಹಾರಾಷ್ಟ್ರಕ್ಕೆ ದುಬಾರಿ ಎಂದು ತೋರಿಸಿತ್ತು. 2001ರಲ್ಲಿ ಆ ಸ್ಥಾವರ ನಿಂತುಹೋಯಿತು, ಮುಖ್ಯವಾಗಿ ಬೆಲೆ ಮತ್ತು ಬಾಕಿಯ ಜಗಳದಿಂದಲೇ.