ತಡಿಯಂಡಮೋಳ್ ಹತ್ತುವ ಮುನ್ನ ಮನೆ ಮುಂದಿನ ಏರು

ಪ್ರಶ್ನೆ: ನನಗೆ 46 ವರ್ಷ, ಮನೆ ಮಡಿಕೇರಿಯಲ್ಲಿ. ಒಂದೂವರೆ ವರ್ಷದಿಂದ ವಾರಕ್ಕೆ ಐದು ದಿನ, 40 ನಿಮಿಷ ನಡೆಯುತ್ತೇನೆ. ಮೊದಮೊದಲು ಏದುಸಿರು ಬರುತ್ತಿತ್ತು, ಈಗಿಲ್ಲ. ಡಿಸೆಂಬರಿನಲ್ಲಿ ಮಕ್ಕಳ ಜೊತೆ ತಡಿಯಂಡಮೋಳ್ ಬೆಟ್ಟ ಹತ್ತುವ ಆಸೆ. ನಡಿಗೆಯನ್ನು ಒಂದು ಗಂಟೆಗೆ ಏರಿಸಲೇ, ಓಡಲೇ? ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ಇದೆ. ನನ್ನ ವಯಸ್ಸಿಗೆ ಹೃದಯ ಬಡಿತ 134 ದಾಟಿದರೆ ಮಾತ್ರ ಜೋರು ವ್ಯಾಯಾಮ ಎನ್ನುತ್ತಾರೆ. ನನ್ನ ವಾಚು 115ರ ಮೇಲೆ ತೋರಿಸುವುದೇ ಇಲ್ಲ.

ಉತ್ತರ: ಮೊದಲು ವಾಚಿನ ಲೆಕ್ಕ ಬಿಡಿ. 220ರಲ್ಲಿ ವಯಸ್ಸು ಕಳೆದು, ಉಳಿದುದರ ಶೇ 77 ಹಿಡಿಯುವ ಆ ಲೆಕ್ಕ ಬರೀ ಅಂದಾಜು, ಮೆಟೊಪ್ರೊಲಾಲ್ ನುಂಗುವವರಿಗಂತೂ ಅನ್ವಯಿಸುವುದೇ ಇಲ್ಲ. ಬಡಿತ ಏರದಂತೆ ಹಿಡಿಯುವುದು ಆ ಮಾತ್ರೆಯ ಗುಣ. 134 ಮುಟ್ಟಲೇಬೇಕೆಂದು ಹಠ ಹಿಡಿದರೆ ಮೈ ತಾಳಲಾರದಷ್ಟು ದಣಿಯುತ್ತೀರಿ. ಮಾತ್ರೆ ಬಿಟ್ಟು ನೋಡೋಣ ಎಂಬ ಯೋಚನೆ ಬೇಡವೇ ಬೇಡ, ಅದನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯ. ನಿಮಗೆ ಒಪ್ಪುವ ಅಳತೆಗೋಲೆಂದರೆ ನಿಮ್ಮ ಮಾತು. ನಡೆಯುತ್ತ ಮಾತಾಡಬಹುದು, ಹಾಡಲಾಗದು ಎಂದರೆ ಮಧ್ಯಮ. ಮೂರ್ನಾಲ್ಕು ಪದಕ್ಕೇ ಉಸಿರು ಎಳೆದುಕೊಳ್ಳಬೇಕಾದರೆ ಜೋರು.

ಏದುಸಿರು ನಿಂತದ್ದು ನೀವು ಗಳಿಸಿದ ಶಕ್ತಿ. ಒಂದೊಂದು ಬಡಿತಕ್ಕೂ ಹೃದಯ ಹೆಚ್ಚು ರಕ್ತ ತಳ್ಳಲು ಕಲಿತಿದೆ, ಹಾಗಾಗಿ ಹಳೆಯ ದಾರಿ ಹಗುರವೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ. ನಿಮ್ಮದು ಆಗಲೇ 200 ನಿಮಿಷ. ಹೊತ್ತು ಸಾಕು, ಕಸುವು ಹೆಚ್ಚಬೇಕು.

ಓಟ ಸದ್ಯಕ್ಕೆ ಬೇಡ. ಮಡಿಕೇರಿಯಲ್ಲಿ ಏರಿಗೇನು ಬರ! ಒಮ್ಮೆ ನಿಮ್ಮ ವೈದ್ಯರನ್ನು ಕಂಡು ಒಪ್ಪಿಗೆ ಪಡೆಯಿರಿ. ಬಳಿಕ ಐದರಲ್ಲಿ ಎರಡು ದಿನ, ನಡುವೆ ಬಿಡುವಿಟ್ಟು, ಹೀಗೆ ಮಾಡಿ: ಹತ್ತು ನಿಮಿಷ ಸಮತಟ್ಟಿನಲ್ಲಿ ನಡೆದು ಮೈ ಬಿಸಿಯಾದ ಮೇಲೆ ಒಂದು ನಿಮಿಷ ಬಿರುಸಾಗಿ ಏರು ಹತ್ತಿ, ಎರಡು ನಿಮಿಷ ನಿಧಾನಿಸಿ. ಇಂಥದ್ದು ನಾಲ್ಕು ಸಲ. ಎರಡು ವಾರ ಸಲೀಸಾದರೆ ಐದಕ್ಕೆ ಏರಿಸಿ. ಕಡಿದಾದ ದಾರಿ, ವೇಗ, ಸಲ, ಈ ಮೂರನ್ನೂ ಒಟ್ಟಿಗೆ ಹೆಚ್ಚಿಸಬೇಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ರಸ್ತೆಗಿಂತ ಮನೆಯ ಮೆಟ್ಟಿಲೇ ಲೇಸು.

ಎದೆ ಬಿಗಿದರೆ, ದವಡೆ ಅಥವಾ ತೋಳಿಗೆ ನೋವು ಹರಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬೇಕೆಂದು ಕಾಯಬೇಡಿ.

ಇನ್ನು ಇಳಿಜಾರು. 1,748 ಮೀಟರಿನ ತಡಿಯಂಡಮೋಳ್ ಕೊಡಗಿನಲ್ಲೇ ಎತ್ತರದ ಬೆಟ್ಟ, ಕೊನೆಯ ಏರು ಕಡಿದು. ಎಲ್ಲರೂ ಹತ್ತುವುದಕ್ಕಷ್ಟೇ ತಯಾರಾಗುತ್ತಾರೆ, ಕಾಲು ಹಿಡಿಯುವುದು ಇಳಿಯುವಾಗ. ಇಳಿಯುವಾಗ ತೊಡೆಯ ಸ್ನಾಯು ಭಾರ ಹೊತ್ತೇ ಹಿಗ್ಗುತ್ತ ಬ್ರೇಕಿನ ಕೆಲಸ ಮಾಡುತ್ತದೆ. ರೂಢಿಯಿಲ್ಲದಿದ್ದರೆ ಮರುದಿನ ಮೆಟ್ಟಿಲಿಳಿಯುವುದೂ ಕಷ್ಟ. ಅದಕ್ಕೆ ವಾರದಲ್ಲಿ ಎರಡು ದಿನ ಕುರ್ಚಿಯಿಂದ ಎದ್ದು, ಮೂರು ಎಣಿಸುವಷ್ಟು ನಿಧಾನವಾಗಿ ಕುಳಿತುಕೊಳ್ಳಿ. ಹತ್ತು ಸಲ, ಎರಡು ಸುತ್ತು. ಬೆಟ್ಟದ ದಿನವೂ ಮಾತ್ರೆ ಎಂದಿನಂತೆ ನುಂಗಿ, ಇಳಿಯುವಾಗ ಪುಟ್ಟ ಹೆಜ್ಜೆ ಇಡಿ, ಮಕ್ಕಳನ್ನು ಮುಂದೆ ಬಿಡಿ.